ಆ ರೆಕಾರ್ಡಿಂಗಿನಲ್ಲಿ ಅಕ್ಕ ಇದ್ದಾಳೆ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಶಾಲೆಗೆ ಹೋಗುವ ಮಕ್ಕಳಿಂದ ಹಿಡಿದು ಎಂಬತ್ತು ದಾಟಿದ ಮುದುಕರವರೆಗೆ ಎಲ್ಲರಿಗೂ ಅವನು ಕರೆಂಟಣ್ಣ. ಮನೆಗಳಿಗೆ ವೈರಿಂಗ್ ಮಾಡುವುದು ಅವನ ಕಸುಬು. ಐವತ್ತೆರಡು ವರ್ಷದಲ್ಲಿ ಮೂವತ್ತನ್ನು ಏಣಿಯ ಮೇಲೆಯೇ ಕಳೆದಿದ್ದಾನೆ. ಸ್ವಿಚ್ಚು ಒತ್ತಿದ ಸದ್ದು ಕೇಳಿಯೇ ಅದು ಇನ್ನೆಷ್ಟು ತಿಂಗಳು ಬಾಳುತ್ತದೆ ಎಂದು ಹೇಳುತ್ತಾನೆ, ಮತ್ತು ಅದು ಅಷ್ಟೇ ತಿಂಗಳು ಬಾಳುತ್ತದೆ. ಇಂಥವನ ಜೊತೆ ವಾದ ಮಾಡುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಅವನ ಹೆಂಡತಿಯನ್ನು ಕೇಳಬೇಕು. ಹತ್ತಕ್ಕೆ ಒಂಬತ್ತು ಸಲ ಅವನು ಹೇಳಿದ್ದೇ ಸರಿ. ಹತ್ತನೆಯ ಸಲ ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಈ ಕಥೆ ಆ ಹತ್ತನೆಯ ಸಲದ್ದು.

ಕರೆಂಟಣ್ಣನಿಗೆ ಒಬ್ಬ ಅಕ್ಕ. ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಕೆಲಸಕ್ಕೆ ಹೋದಾಗ ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಆಮೇಲೆ ಆ ಸೊಂಟಕ್ಕೆ ಇನ್ನೂ ದೊಡ್ಡ ಭಾರ ಒರಗಿತು: ರೇಡಿಯೋ ಕೇಂದ್ರದ ವಾದ್ಯವೃಂದದಲ್ಲಿ ಅವಳು ಡಬಲ್ ಬೇಸ್ ನುಡಿಸುತ್ತಿದ್ದಳು. ಆಳೆತ್ತರದ ಪಿಟೀಲು ಅದು, ನಿಂತುಕೊಂಡೇ ನುಡಿಸಬೇಕು, ಸ್ವರ ಪಾತಾಳದಿಂದ ಬರುತ್ತದೆ. ವಾದ್ಯವೃಂದದ ಮುಂದಿನ ಸಾಲಿನವರನ್ನು ಜನ ಬೀದಿಯಲ್ಲಿ ಗುರುತು ಹಿಡಿಯುತ್ತಿದ್ದರು. ಹಿಂದೆ ನಿಂತ ಅಕ್ಕನನ್ನು ಕೇಂದ್ರದ ಕಾವಲುಗಾರ ಮಾತ್ರ ಗುರುತು ಹಿಡಿಯುತ್ತಿದ್ದ, ಅದೂ ಬಾಗಿಲಲ್ಲಿ ವಾದ್ಯ ಸಿಕ್ಕಿಕೊಂಡು ಅವನೇ ಬಂದು ಬಿಡಿಸಬೇಕಾಗುತ್ತಿದ್ದುದರಿಂದ.

ಮೂವತ್ತೊಂದು ವರ್ಷದ ಹಿಂದೆ ಒಬ್ಬ ಹಾಡುಗಾರ್ತಿಯ ಜೊತೆ ನುಡಿಸಲು ಅವಳನ್ನು ಕರೆದರು. ಹಾಡುಗಾರ್ತಿ, ಪಿಯಾನೋ, ಕೊಳಲು, ಬೇಸ್, ಒಟ್ಟು ನಾಲ್ಕೇ ಜನ. ಅಕ್ಕನ ಬದುಕಿನಲ್ಲಿ ಅವಳ ಹೆಸರು ಅಚ್ಚಾದ ರೆಕಾರ್ಡು ಅದೊಂದೇ. ತಟ್ಟೆ ಬಂದ ದಿನ ಮನೆಯವರೆಲ್ಲ ಗ್ರಾಮಫೋನಿನ ಸುತ್ತ ಕೂತರು. ಹಾಡುಗಾರ್ತಿ ಕೇಳಿಸಿದಳು, ಪಿಯಾನೋ ಕೇಳಿಸಿತು, ಕೊಳಲು ಕೇಳಿಸಿತು. ಅಕ್ಕ ಕೇಳಿಸಲಿಲ್ಲ. ಮುಷ್ಟಿಗಾತ್ರದ ಸ್ಪೀಕರಿನ ಆ ಪೆಟ್ಟಿಗೆಯಿಂದ ಡಬಲ್ ಬೇಸ್ ಹೊರಗೆ ಬರುವುದು ಸಾಧ್ಯವೇ ಇರಲಿಲ್ಲ ಎಂದು ಈಗ ನಾವು ಹೇಳಬಹುದು. ಆಗ ಯಾರಿಗೆ ಗೊತ್ತಿತ್ತು? "ನನ್ನನ್ನ ತೆಗೆದುಹಾಕಿದ್ದಾರೆ," ಎಂದಳು ಅಕ್ಕ. ಒಂದೇ ಸಲ ಅಂದಳು, ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಆವತ್ತಿನಿಂದ ಅವಳು ಮನೆಯಲ್ಲಿ ಅಭ್ಯಾಸ ಮಾಡಿದ್ದನ್ನು ಯಾರೂ ಕೇಳಲಿಲ್ಲ. ಕೆಲವು ವರ್ಷಕ್ಕೆ ವಾದ್ಯವೃಂದ ಮುಚ್ಚಿತು. ಬೇಸನ್ನು ಯಾರಿಗೋ ಕೊಟ್ಟು, ಒಂದು ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿಕೊಂಡಳು.

ಇದಾಗಿ ಎಷ್ಟೋ ವರ್ಷದ ಮೇಲೆ ಕರೆಂಟಣ್ಣನಿಗೆ ಒಬ್ಬ ಹಲ್ಲಿನ ಡಾಕ್ಟರ ಮನೆಯಲ್ಲಿ ಕೆಲಸ ಸಿಕ್ಕಿತು. ಡಾಕ್ಟರಿಗೆ ಹಾಡು ಕೇಳುವ ಹುಚ್ಚು. ಅದಕ್ಕೆಂದೇ ಒಂದು ಕೋಣೆ, ಆ ಕೋಣೆಗೆ ಬೇರೆ ಲೈನು. ಫ್ರಿಜ್ಜು ಶುರುವಾದರೆ ಸ್ಪೀಕರಿನಲ್ಲಿ ಟಿಕ್ ಅನ್ನಬಾರದು ಎಂಬುದು ಅವರ ಕಟ್ಟಪ್ಪಣೆ. ಕೆಲಸ ಮುಗಿಯುತ್ತ ಬಂದಾಗ, ಕರೆಂಟಣ್ಣ ಇನ್ನೂ ಏಣಿಯ ಮೇಲಿರುವಾಗಲೇ, ಡಾಕ್ಟರು ಸೆಟ್ಟು ಪರೀಕ್ಷೆ ಮಾಡಲು ಒಂದು ಸಿಡಿ ಹಾಕಿದರು.

ಹಾಡುಗಾರ್ತಿ ಕೋಣೆಯ ನಟ್ಟನಡುವೆ ಬಂದು ನಿಂತಳು. ನಿಂತಳು ಎಂದೇ ಹೇಳಬೇಕು. ಎರಡು ಸ್ಪೀಕರಿನ ಮಧ್ಯೆ, ಏನೂ ಇಲ್ಲದ ಗೋಡೆಯ ಮುಂದೆ, ಅವಳ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸಬಹುದಿತ್ತು. ಉಸಿರು ಎಳೆದುಕೊಂಡದ್ದು ಕೇಳಿಸಿತು. ಪಿಯಾನೋದ ಪೆಡಲು ಕಿರ್ರೆಂದಿತು. ಆಮೇಲೆ ಅವಳ ಬೆನ್ನ ಹಿಂದಿನಿಂದ, ದುಂಡಗೆ, ಬೆಚ್ಚಗೆ, ಒಂದು ಸ್ವರ ಎದ್ದು ಏಣಿಯ ಮೆಟ್ಟಿಲಿನೊಳಗೆ ನುಗ್ಗಿ ಕರೆಂಟಣ್ಣನ ಅಂಗಾಲಿಗೆ ತಾಗಿತು.

"ಡಾಕ್ಟ್ರೇ, ಇದು ಯಾವ ಸಿಡಿ?"

"ಇದು ಗೊತ್ತಿಲ್ವಾ? ಸೆಟ್ಟು ಪರೀಕ್ಷೆ ಮಾಡೋ ಹುಚ್ಚರೆಲ್ಲ ಇದನ್ನೇ ಹಾಕೋದು. ಹಳೇ ರೆಕಾರ್ಡಿಂಗು. ಎರಡೇ ಮೈಕು ಇಟ್ಟು, ನಾಲ್ಕೂ ಜನರನ್ನ ಒಟ್ಟಿಗೆ ನಿಲ್ಲಿಸಿ, ಒಂದೇ ಸಲಕ್ಕೆ ಹಿಡಿದದ್ದು. ಆಮೇಲೆ ಯಾರೂ ಕೈ ಹಾಕಿಲ್ಲ. ಅದಕ್ಕೇ ಯಾರು ಎಲ್ಲಿ ನಿಂತಿದ್ರೋ ಅಲ್ಲೇ ಕೇಳಿಸ್ತಾರೆ. ಆ ಬೇಸ್ ಕೇಳಿ. ಅದು ಸರಿಯಾಗಿ ಬರ್ಲಿಲ್ಲ ಅಂದ್ರೆ ಎಂಥಾ ಸೆಟ್ಟಾದ್ರೂ ಫೇಲು."

ಕರೆಂಟಣ್ಣ ಏಣಿಯ ಕೊನೆಯ ಎರಡು ಮೆಟ್ಟಿಲನ್ನು ಮರೆತೇ ಇಳಿದ. ಸಿಡಿಯ ಹೊದಿಕೆ ಕಿತ್ತುಕೊಂಡು ನೋಡಿದ. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಅಕ್ಕನ ಹೆಸರು ಇತ್ತು.

ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಉಪಕರಣದ ಚೀಲವನ್ನು ಅಲ್ಲೇ ಬಿಟ್ಟು ಓಡಿದ. ಅಕ್ಕನ ಮನೆ ಬಾಗಿಲು ಬಡಿದು, ಮೇಲುಸಿರು ಬಿಡುತ್ತ, "ನೀನಿದ್ದೀಯ! ಅದರಲ್ಲಿ ನೀನಿದ್ದೀಯ ಅಕ್ಕಾ!" ಎಂದ.

ಅಕ್ಕ ನಂಬಲಿಲ್ಲ. "ನೀನು ಚಿಕ್ಕಂದಿನಿಂದಲೂ ಹೀಗೇ. ನಂಗೆ ಬೇಜಾರಾಗಬಾರದು ಅಂತ ಬಾಯಿಗೆ ಬಂದದ್ದು ಹೇಳ್ತೀಯ. ನನ್ನ ಅಡುಗೇನೂ ಚೆನ್ನಾಗಿದೆ ಅಂತಿದ್ದೆ," ಎಂದಳು.

"ಡಾಕ್ಟರ ಮನೆಗೆ ಬಾ, ಕೇಳಿಸ್ತೀನಿ."

"ಹಲ್ಲು ಕೀಳೋರ ಮನೆಗೆ ನಾನಾಗೇ ಕಾಲಿಡಲ್ಲ."

ಇಂದು ನಾಳೆ ಎಂದು ಅವಳು ದಿನ ತಳ್ಳಿದಳು. ಅಷ್ಟರಲ್ಲಿ ಡಾಕ್ಟರು ಮನೆ ಮಾರಿ ದೂರದ ಊರಿಗೆ, ಮಗಳಿದ್ದಲ್ಲಿಗೆ, ಹೊರಟೇಬಿಟ್ಟರು. ಹೋಗುವಾಗ ಆ ಸಿಡಿಯನ್ನು ಕರೆಂಟಣ್ಣನಿಗೆ ಕೊಟ್ಟರು. ಅವನು ಅದನ್ನು ಫೋನಿಗೆ ಇಳಿಸಿಕೊಂಡು ಅಕ್ಕನ ಕಿವಿಗೆ ಇಯರ್‌ಫೋನು ತುರುಕಿ ನೋಡಿದ. ಅವಳು ಕಿತ್ತು ಬಿಸಾಕಿದಳು. "ಕಿವಿಯೊಳಗೆ ಇಲಿ ಓಡಾಡಿದ ಹಾಗಿದೆ. ಬೇಸ್ ಅನ್ನೋದು ಕಾಲಿಗೆ ಗೊತ್ತಾಗಬೇಕು ಕಣೋ, ಕಿವಿಗಲ್ಲ," ಎಂದಳು.

ಸರಿ, ಕಾಲಿಗೇ ಗೊತ್ತು ಮಾಡಿಸುತ್ತೇನೆ ಎಂದು ಕರೆಂಟಣ್ಣ ಪಣ ತೊಟ್ಟ. ತನ್ನ ಮನೆಯಲ್ಲೇ ಒಂದು ಸೆಟ್ಟು ಕಟ್ಟುವುದು, ಅಕ್ಕನನ್ನು ಕೂರಿಸಿ ಕೇಳಿಸುವುದು.

ಕಟ್ಟಲು ಎರಡು ವರ್ಷ ಹಿಡಿಯಿತು. ಯಾರೋ ಗುಜರಿಗೆ ಹಾಕಿದ್ದ ಆಂಪ್ಲಿಫೈಯರನ್ನು ತಂದು ಬಿಚ್ಚಿ, ಹೋದ ಭಾಗ ಬದಲಿಸಿ, ಗುಂಯ್ ಅನ್ನದ ಹಾಗೆ ಮಾಡಿದ. ಬಡಗಿಯ ಹತ್ತಿರ ದಪ್ಪ ಪ್ಲೈವುಡ್ ಕತ್ತರಿಸಿಕೊಂಡು, ಅಂಟು ಹಚ್ಚಿ, ಸೊಂಟದೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ ಮಾಡಿದ. ಅಂಟು ಒಣಗುವ ಒಂದು ವಾರ ಅವನ ಹೆಂಡತಿಯ ರುಬ್ಬುಗುಂಡು, ಇಸ್ತ್ರಿಪೆಟ್ಟಿಗೆ, ನಿಘಂಟು ಎಲ್ಲವೂ ಆ ಪೆಟ್ಟಿಗೆಗಳ ನೆತ್ತಿಯ ಮೇಲೆ ಭಾರಕ್ಕೆ ಕೂತಿದ್ದವು. ತಂತಿಯನ್ನು ಮಾತ್ರ ಕೊಳ್ಳಲಿಲ್ಲ. ಮನೆ ವೈರಿಂಗಿನಲ್ಲಿ ಉಳಿದ ತಂತಿ ಚೀಲದ ತುಂಬ ಇತ್ತು.

ಡಾಕ್ಟರು ಫೋನಿನಲ್ಲಿ ಸಲಹೆ ಕೊಡುತ್ತಿದ್ದರು. "ನಿಮಗೆ ಇಷ್ಟವಾದ ಹಾಡು ಹಾಕಬೇಡಿ, ಚೆನ್ನಾಗಿ ರೆಕಾರ್ಡ್ ಆದ ಹಾಡು ಹಾಕಿ. ಇಷ್ಟದ ಹಾಡಾದ್ರೆ ಸೆಟ್ಟು ತಪ್ಪು ಮಾಡಿದ್ರೂ ಕಿವಿ ಕ್ಷಮಿಸಿಬಿಡುತ್ತೆ," ಎಂದಿದ್ದರು. ಒಂದು ಸಲಕ್ಕೆ ಒಂದನ್ನೇ ಕೇಳಿ, ಒಮ್ಮೆ ದನಿ, ಒಮ್ಮೆ ಕೊಳಲು, ಒಮ್ಮೆ ಬೇಸ್. ವಾಲ್ಯೂಮು ಪ್ರತಿಸಲ ಅಷ್ಟೇ ಇರಲಿ. ಎರಡು ಸ್ಪೀಕರು ಎಷ್ಟು ದೂರವೋ ನೀವೂ ಅಷ್ಟೇ ದೂರ ಕೂರಿ. ಇದನ್ನೆಲ್ಲ ಕರೆಂಟಣ್ಣ ಅಕ್ಷರಶಃ ಪಾಲಿಸಿದ. ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಆ ಗುರುತಿನಿಂದ ಕುರ್ಚಿ ಒಂದು ಬೆರಳು ಸರಿದರೂ ಹೆಂಡತಿಯನ್ನು ವಿಚಾರಣೆ ಮಾಡುತ್ತಿದ್ದ. "ಮತ್ತೆ ತಂತಿ ಕೊಡುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಮರೀಬೇಡಿ," ಎಂದೂ ಡಾಕ್ಟರು ಹೇಳಿದ್ದರು. ಆ ಮಾತಿಗೆ ಕರೆಂಟಣ್ಣನಿಗೆ ನಗು ಬಂತು. ಮೂವತ್ತು ವರ್ಷ ತಂತಿ ಎಳೆದವನಿಗೆ ಹಲ್ಲಿನ ಡಾಕ್ಟರು ತಂತಿ ಪಾಠ ಹೇಳುವುದೆಂದರೆ! ಸ್ವಿಚ್ಚಿಗೆ ಕೆಂಪು ತಂತಿಯೇ ಹೋಗಬೇಕು, ಅದು ನಿಜ, ಇಲ್ಲದಿದ್ದರೆ ಯಾರಾದರೂ ಸಾಯುತ್ತಾರೆ. ಆದರೆ ಬಲ್ಬಿಗೆ? ಬಲ್ಬಿಗೆ ಎರಡು ತಂತಿ, ಯಾವುದನ್ನು ಯಾವ ಕಡೆ ಕೊಟ್ಟರೂ ಉರಿಯುತ್ತದೆ. ಸ್ಪೀಕರೂ ಅಷ್ಟೇ. ಹಾಗೆಂದು ತೀರ್ಮಾನಿಸಿ, ಉದ್ದ ಸಾಲದ ತಂತಿಯನ್ನು ಹೇಗೆ ಎಟುಕಿತೋ ಹಾಗೆ ಸಿಕ್ಕಿಸಿದ.

ಸೆಟ್ಟು ಹಾಡಿತು. ಕೊಳಲು ಬಂತು, ಉಸಿರು ಬಂತು, ಪೆಡಲಿನ ಕಿರ್ರು ಕೂಡ ಬಂತು. ಬೇಸ್ ಬರಲಿಲ್ಲ. ದೂರದಲ್ಲಿ ಯಾರೋ ಹಾಸಿಗೆ ಒದರಿದ ಹಾಗೆ ಒಂದು ಸದ್ದು, ಅಷ್ಟೇ.

ಕರೆಂಟಣ್ಣ ಮೊದಲು ಗೋಡೆಯನ್ನು ಬೈದ. ಆಮೇಲೆ ಸೋಫಾವನ್ನು ಹೊರಗೆ ಹಾಕಿದ. ಕಿಟಕಿಗೆ ಕಂಬಳಿ ಕಟ್ಟಿದ. ಹೆಂಡತಿಯ ಬೀರುವನ್ನು ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಅಡುಗೆಮನೆಗೆ ಸಾಗಿಸಿದ. ಸೀರೆ ಬೇಕಾದಾಗ ಒಲೆ ದಾಟಿ ಹೋಗಬೇಕಾಯಿತು ಆ ಪುಣ್ಯಾತ್ಗಿತ್ತಿ.

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಅವಳು, ಬೀರುವಿನ ಇನ್ನೊಂದು ತುದಿ ಹಿಡಿದುಕೊಂಡು. "ರೀ, ಎಲ್ಲೋ ನೀವೇ ತಪ್ಪು ಮಾಡಿದ್ದೀರಿ."

"ನಾನು? ಇನ್ನು ಸ್ವಲ್ಪ ಎಡಕ್ಕೆ ತಳ್ಳು."

ಇನ್ನೊಂದು ವಿಷಯವೂ ಇತ್ತು. ಡಾಕ್ಟರ ಮನೆಯಲ್ಲಿ ಹಾಡುಗಾರ್ತಿ ನಡುವೆ ನಿಂತಿದ್ದಳು. ಇಲ್ಲಿ ಅವಳು ಎಲ್ಲೂ ನಿಲ್ಲಲಿಲ್ಲ, ಕೋಣೆಯ ತುಂಬ ಹರಡಿಕೊಂಡಳು. ಕರೆಂಟಣ್ಣ ಇದನ್ನು ತನ್ನ ಸೆಟ್ಟಿನ ಹೆಚ್ಚುಗಾರಿಕೆ ಎಂದುಕೊಂಡ. "ಡಾಕ್ಟರದ್ದರಲ್ಲಿ ಒಂದೇ ಕಡೆ, ನಮ್ಮದರಲ್ಲಿ ಎಲ್ಲಾ ಕಡೆ!" ಎಂದು ಬಂದವರಿಗೆಲ್ಲ ಹೇಳಿಕೊಂಡ.

ಇನ್ನೊಂದು ತಿಂಗಳು, ಇನ್ನೊಂದೇ ತಿಂಗಳು ಎಂದು ಅವನು ಹೇಳುತ್ತಲೇ ಇದ್ದ. ಕೊನೆಗೆ ಅಕ್ಕನಿಗೇ ತಾಳ್ಮೆ ಕೆಟ್ಟಿತು. "ಭಾನುವಾರ ಹನ್ನೊಂದು ಗಂಟೆಗೆ ಬರ್ತೀನಿ. ಕೇಳಿಸಿದ್ರೆ ಕೇಳಿಸ್ತು. ಕೇಳಿಸದಿದ್ರೆ ಇನ್ನು ಮೇಲೆ ನನ್ನ ಮುಂದೆ ಆ ರೆಕಾರ್ಡಿನ ಸುದ್ದಿ ಎತ್ತಕೂಡದು. ಹೂಂ ಅನ್ನು," ಎಂದಳು.

ಕರೆಂಟಣ್ಣ ಹೂಂ ಅಂದ. ಬೇರೆ ಏನು ಅನ್ನಲಿ?

ಭಾನುವಾರ ಅಕ್ಕ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದಳು. ಸೀಮೆಸುಣ್ಣದ ಗುರುತಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಕ್ಕ, ಮಡಿಲಲ್ಲಿ ಕೈಚೀಲ. ಬಸ್ಸಿಗೆ ಕಾಯುವವಳ ಹಾಗೆ ನೆಟ್ಟಗೆ ಕೂತಿದ್ದಳು. ಆದರೂ ಅವಳ ಎಡಗೈ ಬೆರಳುಗಳು ಚೀಲದ ಹಿಡಿಯನ್ನು ಒತ್ತುತ್ತಿದ್ದವು, ಬಿಡುತ್ತಿದ್ದವು. ಇವತ್ತೊಂದು ದಿನ ಬೇಸ್ ಬಂದುಬಿಡಲಿ ಎಂದು ಕರೆಂಟಣ್ಣ ಆ ಪ್ಲೈವುಡ್ಡಿನ ಪೆಟ್ಟಿಗೆಗಳನ್ನೇ ಬೇಡಿಕೊಂಡು ಗುಂಡಿ ಒತ್ತಿದ.

ಮೊದಲನೆಯ ಹಾಡು ಮುಗಿಯಿತು. ಎರಡನೆಯದು ಶುರುವಾಯಿತು. ಕೊಳಲು ಏರಿತು, ಇಳಿಯಿತು. ಅಕ್ಕ ಪಾದಗಳನ್ನು ನೆಲಕ್ಕೆ ಊರಿ ಕಾದಳು. ನೆಲ ಏನೂ ಹೇಳಲಿಲ್ಲ.

"ಸಾಕು ಬಿಡೋ," ಎಂದಳು ಮೆಲ್ಲಗೆ. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ನೀನು ಇಷ್ಟು ಒದ್ದಾಡಿದೆಯಲ್ಲ, ಅದೇ ಸಾಕು ನಂಗೆ." ಎದ್ದು ಬಾಗಿಲ ಬಳಿ ಹೋಗಿ ಶೂ ಹಾಕಿಕೊಳ್ಳತೊಡಗಿದಳು.

ಕರೆಂಟಣ್ಣನಿಗೆ ಹಾಡು ನಿಲ್ಲಿಸಲೂ ಕೈ ಬರಲಿಲ್ಲ. ಡಾಕ್ಟರ ಮನೆಯಲ್ಲಿ ಕೇಳಿದ್ದು ಸುಳ್ಳೇ? ಅಕ್ಕನ ಮೇಲಿನ ಪ್ರೀತಿಗೆ ತನ್ನ ಕಿವಿಯೇ ತನಗೆ ಮೋಸ ಮಾಡಿತೇ?

"ಅತ್ತಿಗೆ, ಕಾಫಿ ಆದ್ರೂ ಕುಡಿದು ಹೋಗಿ," ಎಂದು ಹೆಂಡತಿ ಟ್ರೇ ಹಿಡಿದು ಅಡುಗೆಮನೆಯಿಂದ ಅವಸರದಲ್ಲಿ ಬಂದಳು. ಬೀರುವನ್ನು ಬಳಸಿ, ಸೋಫಾ ಇಲ್ಲದ ಜಾಗ ದಾಟಿ, ಎಡಗಡೆಯ ಸ್ಪೀಕರಿನ ಹಿಂದಿನಿಂದ. ತಂತಿ ಅವಳ ಕಾಲಿಗೆ ಸಿಕ್ಕಿ ಪೆಟ್ಟಿಗೆಯಿಂದ ಕಿತ್ತುಬಂತು. ಎಡಗಡೆಯ ಸ್ಪೀಕರು ಸತ್ತಿತು.

"ಅಯ್ಯೋ, ಕಣ್ಣಿಲ್ವೇನೇ..." ಎಂದು ಬಾಯಿ ತೆರೆದ ಕರೆಂಟಣ್ಣ ಹಾಗೇ ನಿಂತ.

ದುಂ.

ಉಳಿದ ಒಂದೇ ಸ್ಪೀಕರಿನಿಂದ, ದುಂಡಗೆ, ದುಂ. ಇನ್ನೊಂದು ಸಲ ದುಂ. ಟ್ರೇಯಲ್ಲಿದ್ದ ಚಮಚ ಸಣ್ಣಗೆ ಗಿಣಿಗಿಣಿ ಅಂದಿತು.

ಬಾಗಿಲಲ್ಲಿ ಅಕ್ಕ ಒಂದು ಕಾಲಿಗೆ ಶೂ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದಳು. "ಅದೇನೋ ಅದು?" ಎಂದಳು. ದನಿ ಅವಳದಾಗಿರಲಿಲ್ಲ.

ಕರೆಂಟಣ್ಣನ ತಲೆ ಗಿರ್ರನೆ ತಿರುಗಿತು. ಎರಡು ಸ್ಪೀಕರು ಹಾಡಿದಾಗ ಬೇಸ್ ಇಲ್ಲ, ಒಂದು ಸತ್ತರೆ ಬೇಸ್ ಇದೆ! ಎರಡಕ್ಕಿಂತ ಒಂದೇ ಹೆಚ್ಚು ಎಂದರೆ ಎರಡೂ ಒಂದನ್ನೊಂದು ಕಳೆಯುತ್ತಿವೆ. ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಎತ್ತು ಏರಿಗೆ, ಕೋಣ ನೀರಿಗೆ! ಅವನು ನೆಲದ ಮೇಲೆ ದಬಾರನೆ ಬಿದ್ದು ಬಲಗಡೆಯ ಪೆಟ್ಟಿಗೆಯ ಹಿಂದೆ ತೆವಳಿದ. ಕೆಂಪು ತಂತಿ ಕಪ್ಪು ತೂತಿನಲ್ಲಿ, ಕಪ್ಪು ತಂತಿ ಕೆಂಪು ತೂತಿನಲ್ಲಿ, ಎರಡೂ ತಣ್ಣಗೆ ಕೂತಿದ್ದವು. ಒಂದೇ ಬಲ್ಬಾದರೆ ಯಾವ ಕಡೆ ಕೊಟ್ಟರೂ ಉರಿಯುತ್ತದೆ. ಇವು ಜೊತೆಯಾಗಿ ಕೆಲಸ ಮಾಡುವ ಎರಡು ಜೀವ, ಒಂದೇ ಕಡೆ ಮುಖ ಮಾಡಬೇಕು. ಇಷ್ಟು ತಿಳಿಯದೆ ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದ.

"ನಾನು ಕತ್ತೆ! ಕತ್ತೆ! ಮೂವತ್ತು ವರ್ಷದ ಕತ್ತೆ!" ಎಂದು ಪೆಟ್ಟಿಗೆಯ ಹಿಂದಿನಿಂದ ಕೂಗಿದ. ಅಷ್ಟು ಖುಷಿಯಿಂದ ತನ್ನನ್ನು ತಾನೇ ಬೈದುಕೊಂಡ ಮನುಷ್ಯನನ್ನು ನೀವು ನೋಡಿರಲಾರಿರಿ. "ಅಕ್ಕಾ, ಹೋಗ್ಬೇಡ! ಒಂದೇ ನಿಮಿಷ! ಅವಳನ್ನ ಹಿಡ್ಕೊಳೇ!"

"ಟ್ರೇ ಹಿಡ್ಕೊಳ್ಳಲೋ, ಅತ್ತಿಗೇನ ಹಿಡ್ಕೊಳ್ಳಲೋ?" ಎಂದಳು ಹೆಂಡತಿ. ಅಷ್ಟು ಹೊತ್ತಿಗೆ ಅಕ್ಕ ತಾನಾಗಿಯೇ, ಒಂದು ಕಾಲಲ್ಲಿ ಶೂ, ಒಂದು ಬರಿಗಾಲು, ಕುಂಟುತ್ತ ಬಂದು ಕುರ್ಚಿಯಲ್ಲಿ ಕೂತಾಗಿತ್ತು.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಮೂವತ್ತು ವರ್ಷ ತಂತಿ ಎಳೆದವನಿಗೆ ನಾಲ್ಕು ತಂತಿ ಸಿಕ್ಕಿಸಲು ನಾಲ್ಕು ನಿಮಿಷ ಬೇಕಾಯಿತು. ಎರಡನೆಯ ಹಾಡನ್ನು ಮೊದಲಿನಿಂದ ಹಾಕಿದ.

ಹಾಡುಗಾರ್ತಿ ಬಂದು ನಡುವೆ ನಿಂತಳು. ಎಲ್ಲಾ ಕಡೆ ಹರಡಿದ್ದವಳು ಒಂದು ಕಡೆ ಕೂಡಿಕೊಂಡು, ಮೈ ತಳೆದು ನಿಂತ ಹಾಗಾಯಿತು. ಪಿಯಾನೋ ಎಡಕ್ಕೆ ಸರಿಯಿತು, ಕೊಳಲು ಬಲಕ್ಕೆ. ಹಾಡುಗಾರ್ತಿಯ ಹೆಗಲ ಹಿಂದೆ, ಎರಡು ಹೆಜ್ಜೆ ಆಚೆಗೆ, ಡಬಲ್ ಬೇಸ್. ಬೆರಳು ತಂತಿಯನ್ನು ಮೀಟುವ ಮುಂಚಿನ ಸಣ್ಣ ಉಜ್ಜು ಕೂಡ ಕೇಳಿಸಿತು. ಆಮೇಲೆ ಸ್ವರ ನೆಲದ ಮೇಲೆ ಹರಿದು ಬಂದು ಮೂವರ ಕಾಲಿಗೂ ತಾಗಿತು.

ಕರೆಂಟಣ್ಣನಿಗೆ ಕುಣಿಯುವಷ್ಟು ಆನಂದವಾಯಿತು. "ಕೇಳಿಸ್ತಾ? ಕೇಳಿಸ್ತಾ ಅಕ್ಕಾ?"

"ಸುಮ್ನಿರೋ!" ಎಂದಳು ಅಕ್ಕ. ಕೈಯೆತ್ತಿ ಅವನನ್ನು ತಡೆದಳು. ಮುಖ ಬಿಳಿಚಿತ್ತು. "ತಡಿ. ಈಗ ಬರುತ್ತೆ."

"ಏನು ಬರುತ್ತೆ?"

"ನಿಮಗೆ ಯಾರಿಗೂ ಹೇಳಿರಲಿಲ್ಲ. ಈ ಹಾಡಲ್ಲಿ, ಎರಡನೇ ಚರಣ ಮುಗಿಯೋ ಕಡೆ, ನಾನು ತಪ್ಪಿದೆ. ಕೈ ಬೆವತಿತ್ತು, ಬೆರಳು ಜಾರಿತು, ಒಂದು ಸ್ವರ ತಡವಾಯ್ತು. ಇನ್ನೊಂದ್ಸಲ ನುಡಿಸೋಣ ಅಂತ ಕೇಳೋಕ್ಕೂ ಧೈರ್ಯ ಬರ್ಲಿಲ್ಲ. ಅದಕ್ಕೇ ನನ್ನನ್ನ ತೆಗೆದುಹಾಕಿದ್ರು ಅಂತ ಇಷ್ಟು ವರ್ಷ..." ಸ್ಪೀಕರಿನ ಕಡೆ ಬೆರಳು ಮಾಡಿದಳು. "ಈಗ. ಕೇಳು."

ಚರಣದ ಕೊನೆಯ ಪದ ಬಂತು. ಬೇಸ್ ಅಲ್ಲಿ ಇರಬೇಕಿತ್ತು, ಇರಲಿಲ್ಲ. ಖಾಲಿ. ಆ ಖಾಲಿಯಲ್ಲಿ ಹಾಡುಗಾರ್ತಿ ಪದವನ್ನು ಬಿಡಲಿಲ್ಲ. ಉಸಿರು ಮುಗಿಯುತ್ತ ಬಂದಿದ್ದರೂ ಎಳೆದು ಹಿಡಿದಳು. ಅವಳ ದನಿ ಸ್ವಲ್ಪ ಹಿಂದಕ್ಕೆ ತಿರುಗಿದ್ದು ಸ್ಪಷ್ಟವಾಗಿ ಕೇಳಿಸಿತು, ಹೆಗಲ ಮೇಲಿಂದ ಯಾರನ್ನೋ ನೋಡಲು ಮುಖ ತಿರುಗಿಸಿದಾಗ ಆಗುವ ಹಾಗೆ. ಪಿಯಾನೋದವನೂ ಬೆರಳು ಎತ್ತಲಿಲ್ಲ. ದುಂ ಎಂದು ಅಕ್ಕನ ಸ್ವರ ಬಂದು ಸೇರಿತು. ಆಗ ಹಾಡುಗಾರ್ತಿ ಪದವನ್ನು ಕೆಳಗಿಳಿಸಿದಳು, ನಾಲ್ವರೂ ಒಟ್ಟಿಗೆ ಮುಂದೆ ಹೋದರು.

ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ, ನಗುತ್ತಿದ್ದಳು.

"ಕಾದಿದ್ದಾಳೆ ಕಣೋ," ಎಂದಳು. "ನಾನು ತಲೆ ತಗ್ಗಿಸಿಬಿಟ್ಟಿದ್ದೆ, ನೋಡಲೇ ಇಲ್ಲ. ತಿರುಗಿ ನೋಡಿ, ನಂಗೋಸ್ಕರ ಕಾದಿದ್ದಾಳೆ."

ಕರೆಂಟಣ್ಣ ಸ್ಪೀಕರಿನ ಪಕ್ಕ ನೆಲದ ಮೇಲೇ ಕೂತಿದ್ದ, ಮೊಣಕೈಗೆಲ್ಲ ಧೂಳು. ಹೆಂಡತಿ ಟ್ರೇಯನ್ನು ಸ್ಪೀಕರಿನ ಮೇಲೆಯೇ ಇಟ್ಟಳು, ಅವನು ಬೈಯಲಿಲ್ಲ.

ಹಾಡು ಮುಗಿದು ಮೂರನೆಯದು ಶುರುವಾಗುವ ಮೊದಲಿನ ಮೌನ ಬಂತು. ಅಕ್ಕ ಕೈಚೀಲವನ್ನು ಮಡಿಲಿಂದ ಕೆಳಗಿಟ್ಟು, ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿದಳು.

"ಮಾತಾಡ್ದೆ ಕೂತ್ಕೊಳ್ಳಿ ಇಬ್ರೂ," ಎಂದಳು. "ಇದರಲ್ಲಿ ನಾನು ಒಂದು ಸ್ವರಾನೂ ತಪ್ಪಿಲ್ಲ."